‘ಕಾಪಾಡು’ ಎಂಬ ಬಟನ್

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವನು ನಾನು. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ. ಕನ್ನಡ ಅಂದರೆ ಅಮ್ಮ ಕಲಿಸಿದಷ್ಟೇ. ಆದರೂ ಐರೋಲಿಯ ನಮ್ಮ ದೊಡ್ಡ ಕಂಪನಿಗೆ ನಾನೇ ಕನ್ನಡ ಪಂಡಿತ. ಸ್ವಯಂಸೇವಕರು ಸೇರಿ ಕಟ್ಟಿದ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ತಂತ್ರಾಂಶವೊಂದಕ್ಕೆ ಕಂಪನಿ ಕೈಜೋಡಿಸಿತ್ತು. ಅದರ ಕನ್ನಡ ತಿದ್ದಲು ನನ್ನನ್ನು ಕೂರಿಸಿದರು.

‘ಸೇವ್’ ಬಟನ್ನಿನ ಮೇಲೆ ‘ಉಳಿಸು’ ಎಂದಿತ್ತು. ಅಮ್ಮ ಕಲಿಸಿದ ಕನ್ನಡದಲ್ಲಿ ಉಳಿಸುವುದೆಂದರೆ ತಟ್ಟೆಯಲ್ಲಿ ಅನ್ನ ಬಿಟ್ಟು ಅಮ್ಮನಿಂದ ಬೈಸಿಕೊಳ್ಳುವುದು. ಗತ್ತಿನಿಂದ ಅದನ್ನು ಅಳಿಸಿ ‘ಕಾಪಾಡು’ ಎಂದು ಬರೆದೆ.

ಮುಂದೆ ಖಾರಘರದಲ್ಲಿ ಆ ಸ್ವಯಂಸೇವಕರ ಸಭೆ. ಕಂಪನಿಯ ಟೀಶರ್ಟ್ ತೊಟ್ಟು ಹೋದೆ. ಧಾರವಾಡ ಕಡೆಯ ಟೀಚರೊಬ್ಬರು ಹತ್ತಿರ ಬಂದರು. ‘ಉಳಿಸು’ ಎಂದು ಬರೆದವರು ಅವರೇ.

“ಸರ್, ‘ಕಾಪಾಡು’ ಯಾಕ ಹಾಕಿದ್ರಿ? ತಿಳ್ಕೊಳ್ಳಾಕ ಕೇಳಾಕತ್ತೀನಿ.”

“ತಪ್ಪು ಅನ್ನಿಸಿದ್ರೆ ನೀವೇ ಬದಲಾಯಿಸಬಹುದಿತ್ತಲ್ಲ, ಮೇಡಂ?”

“ಅಷ್ಟು ದೊಡ್ಡ ಕಂಪನಿಯವ್ರು ಹಾಕ್ಯಾರ ಅಂದ್ರ ಏನರ ಕಾರಣ ಇರತೈತಿ ಅಂತ ಎಲ್ಲಾರೂ ಒಪ್ಪಿಬಿಟ್ವಿ ಸರ್.”

ಅನ್ನದ ತಟ್ಟೆಯ ಕತೆ ಹೇಳಲು ಬಾಯಿ ಬರಲಿಲ್ಲ. “ಅದು... ಕಂಪನಿ ಪಾಲಿಸಿ, ಮೇಡಂ” ಅಂದುಬಿಟ್ಟೆ. ಅವರು ಅದನ್ನೂ ನಂಬಿ, “ಹೌದ್ರೀ?” ಎಂದು ಗೌರವದಿಂದ ತಲೆಯಾಡಿಸಿದರು.

ಆಮೇಲೆ ಗೋಡೆಯ ಪರದೆಯ ಮೇಲೆ ತಂತ್ರಾಂಶದ ಪ್ರದರ್ಶನ. ಟೀಚರು ನಾಲ್ಕು ಸಾಲು ಟೈಪ್ ಮಾಡಿ ಮುಚ್ಚಲು ಹೋದರು. ಪರದೆ ದೊಡ್ಡ ಅಕ್ಷರದಲ್ಲಿ ಕೇಳಿತು: ‘ಕಾಪಾಡಬೇಕೇ?’

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಆ ಬಟನ್ ಒತ್ತುವ ಜರೂರು ಅಲ್ಲಿ ನನಗಿದ್ದಷ್ಟು ಇನ್ಯಾರಿಗೂ ಇರಲಿಲ್ಲ.