ಒಂದೇ ಡ್ರಮ್ಮಿನ ಗಿರ್ಲು

ಸೃಷ್ಟಿಯಲ್ಲಿ ಭೇದ ಎಣಿಸಬಾರದೆಂದು ದೊಡ್ಡವರು ಹೇಳುತ್ತಲೇ ಬಂದಿದ್ದಾರೆ. ಅವರಲ್ಲಿ ಯಾರೂ ಪ್ರಾಣಿಶಾಸ್ತ್ರ ಕಲಿಸಿ ಸಂಬಳ ತೆಗೆದುಕೊಂಡವರಲ್ಲ. ನಾನು ನಿವೃತ್ತಿಯವರೆಗೂ ತೆಗೆದುಕೊಂಡವನು.

ಕಾಲೇಜಿನಲ್ಲಿ ನನ್ನ ಜಾಗಕ್ಕೆ ಬಂದ ಮೇಡಂ ಹಿಂದೆ ನನ್ನ ವಿದ್ಯಾರ್ಥಿನಿ. ಅವರ ಪಿಎಚ್‌ಡಿ ಗಿರ್ಲು ಮೀನಿನ ಮೇಲೆ; ಮೀಸೆ ಬಿಟ್ಟುಕೊಂಡು, ಹಿಡಿಯಹೋದವರ ಕೈಗೆ ಮುಳ್ಳು ಚುಚ್ಚುವ ಅದೇ ಗಿರ್ಲು. ಶ್ರೀರಂಗಪಟ್ಟಣದ ಹೊಳೆಯದೂ ಚಿನಕುರಳಿ ಕಡೆಯ ಒಂದು ಕೆರೆಯದೂ ನೋಡಲು ಒಂದೇ ಥರ. ಒಳಗೆ ಕ್ರೋಮೋಸೋಮು ಬೇರೆಯಿದ್ದರೆ ಒಂದೇ ಹೆಸರಿನಡಿ ಎರಡು ಜಾತಿ ಅಡಗಿ ಕೂತಿರಬಹುದೆಂದು ಅವರ ಗುಮಾನಿ. ಕೇಳಿ ನಕ್ಕಿದ್ದೆ.

ಹೂಳೆತ್ತಲು ಆ ಕೆರೆಯ ನೀರು ಖಾಲಿ ಮಾಡುತ್ತಿದ್ದರು. ಅಲ್ಲಿನ ಮೀನು ಸಿಕ್ಕುವುದು ಇದೊಂದೇ ಸಲ. ಅದೂ ಜೀವಂತ ಬೇಕು. ಸತ್ತು ಹೋದರೆ ಕ್ರೋಮೋಸೋಮು ಎಣಿಸಲಾಗದು. ಮೇಡಂಗೆ ಅಂದು ತರಗತಿ ಇತ್ತು. "ನಾನಿದ್ದೀನಲ್ಲಮ್ಮ" ಎಂದೆ. ಕಾರೂ ನನ್ನದು, ಬಿಡುವೂ ನನ್ನದು.

ಬೆಳಿಗ್ಗೆ ಹೊಳೆಯ ಮೀನು ಒಂದು ಡ್ರಮ್ಮಿಗೆ, ಆಮೇಲೆ ಕೆರೆಯದು ಇನ್ನೊಂದಕ್ಕೆ. ಬಲೆ ಹಾಕಿದವನೂ ಜೊತೆಗೇ ಕಾರು ಹತ್ತಿದ. ಕೆ.ಆರ್. ಪೇಟೆ ರಸ್ತೆಗೆ ಬಂದ ಮೇಲೆ ಕೆರೆಯ ಡ್ರಮ್ಮಿಗೆ ಗಾಳಿ ಊದುವ ಪುಟ್ಟ ಮೋಟಾರು ನಿಂತುಹೋಯಿತು. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು.

"ಸತ್ತೋಯ್ತವೆ ಸಾ. ಆ ಡ್ರಮ್ಮಿಗೇ ಸುರುದ್ಬುಡಿ" ಎಂದ ಬಲೆಯವನು.

"ಬೆರೆತು ಹೋಗಲ್ವೇನಯ್ಯ?"

"ಎಲ್ಡೂ ಗಿರ್ಲೇ ಕಣ್ ಸಾ. ಸಾರಿಗ್ ಬಿದ್ಮೇಲೆ ಯಾವೂರ್ದು ಅಂತ ಯಾರ್ ಕೇಳಾರು?"

ಗಿರ್ಲು ಒಂದೇ ಜಾತಿಯೆಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ಕೈಗೆ ಈ ವಾದ ಹಿಡಿಸಿತು. ಸುರಿದೆ. ಜೀವ ಉಳಿಸಿದ ಪುಣ್ಯಕ್ಕೆ ಇಬ್ಬರೂ ದಾರಿಯಲ್ಲಿ ಟೀ ಕುಡಿದೆವು.

ಲ್ಯಾಬಿನಲ್ಲಿ ಮೇಡಂ ಡ್ರಮ್ಮಿನೊಳಗೆ ಇಣುಕಿದರು. "ಕೆರೆಯದು ಯಾವ್ದು ಸರ್?"

"ಒಂದೂ ಸತ್ತಿಲ್ಲ ನೋಡಮ್ಮ."

"ಅಲ್ಲ ಸರ್, ಕೆರೆಯದು?"

ಹೇಳಿದೆ. "ನಾನ್ ಯೋಳ್ದೆ, ಮೇಷ್ಟ್ರು ಸುರುದ್ರು" ಎಂದು ಬಲೆಯವನು ಅಪರಾಧವನ್ನು ನ್ಯಾಯವಾಗಿ ಹಂಚಿದ. ಬೈದಿದ್ದರೆ ಹಗುರಾಗುತ್ತಿತ್ತು. ಮೇಡಂ, "ಕೂತ್ಕೊಳ್ಳಿ ಸರ್, ಬಿಸಿಲಲ್ಲಿ ಬಂದಿದ್ದೀರ" ಎಂದು ನೀರು ಕೊಟ್ಟರು. ಆ ಲೋಟ ಹಿಡಿದು ಕೂತದ್ದು ನೆನೆದರೆ ಈಗಲೂ ಮುಖ ಎಲ್ಲಿಡಲೆಂದು ತೋಚುವುದಿಲ್ಲ.

ಮೀನು ಕಾಯುವ ಹಾಗಿರಲಿಲ್ಲ. ಕೆಲಸ ಅಂದೇ ಮುಗಿಸಿದರು. ಕೆಲವು ದಿನಗಳ ಮೇಲೆ ನನ್ನನ್ನು ಕರೆಸಿ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಬಣ್ಣ ಹಾಕಿದ ಗಾಜಿನ ಮೇಲೆ ಕ್ರೋಮೋಸೋಮುಗಳು ಮುರಿದ ಶಾವಿಗೆಯಂತೆ ಚೆಲ್ಲಿದ್ದವು. ಕೆಲವು ಮೀನುಗಳಲ್ಲಿ ಉಳಿದವಕ್ಕಿಂತ ಒಂದು ಜೋಡಿ ಹೆಚ್ಚು. ಎಣಿಸಿದೆ. ಲೆಕ್ಕ ತಪ್ಪಿರಲಪ್ಪಾ ಎಂದು ಬೇಡಿಕೊಂಡು ಮತ್ತೆ ಎಣಿಸಿದೆ. ಎಲ್ಲ ಒಂದೇ ಆಗಿದ್ದರೆ ನಾನು ನಿರಪರಾಧಿ. ಅವರ ಗುಮಾನಿ ಮಣ್ಣುಪಾಲು. ಶಿಷ್ಯೆಯ ಗುಮಾನಿ ನಿಜವಾದ ಗಳಿಗೆಯಲ್ಲಿ ಅದು ಸುಳ್ಳಾಗಲೆಂದು ಹಾರೈಸಿದ ಗುರು ನಾನು.

"ಎರಡು ಥರ ಇವೆ, ಅಲ್ವಾ ಸರ್?" ಎಂದರು. ದನಿಯಲ್ಲಿ ಖುಷಿಯಿತ್ತು. ನನ್ನ ಮುಖ ನೋಡಿ ಅದನ್ನೂ ಒಳಗೆಳೆದುಕೊಂಡರು.

ಹೊಳೆಯದನ್ನು ಮತ್ತೆ ಹಿಡಿದು ತಾಳೆ ನೋಡಿದರೂ ಅದು ಊಹೆಯೇ, ಎಲ್ಲಿ ಹಿಡಿದದ್ದೆಂದು ಹೇಳಲಾಗದ ಮೀನನ್ನು ಆಧಾರವಾಗಿ ತೋರಿಸುವಂತಿಲ್ಲ ಎಂದರು ಅವರ ಗೈಡು. ಅಷ್ಟರಲ್ಲಿ ಕೆರೆಗೆ ಜೆಸಿಬಿ ಇಳಿದಿತ್ತು. ಮೇಡಂ ಆ ಅಧ್ಯಾಯ ಬಿಟ್ಟು ಪ್ರಬಂಧ ಸಲ್ಲಿಸಿದರು.