ಕೆನ್ನೆಯೊಳಗಿನ ಕುಲ

ಮೊನ್ನೆ ಲಾಸ್ ಆಲ್ಟೋಸ್‌ನ ಅಕ್ಕನ ಮನೆಗೆ ಹೋದರೆ, ಭಾವ ತಮ್ಮ ಡಿಎನ್‌ಎ ರಿಪೋರ್ಟಿಗೆ ಕಟ್ಟು ಹಾಕಿಸಿ ದೇವರ ಕೋಣೆಯ ಪಕ್ಕ ತೂಗುಹಾಕಿದ್ದಾರೆ! ಕಾಫಿ ಬರುವ ಮೊದಲೇ ನನಗೆ ತಲೆನೋವು ಬಂತು. ನಿಮಗೂ ಇಂಥ ಭಾವ ಒಬ್ಬರಿದ್ದರೆ ನನ್ನ ಸಂಕಟ ಅರ್ಥವಾಗುತ್ತದೆ.

ಈ ಹುಚ್ಚು ನನಗೆ ಪರಿಚಯವಾದದ್ದು ಡಾಟ್‌ಕಾಮ್ ಭರಾಟೆಯ ಕಾಲದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಆಫೀಸಿನಲ್ಲಿ. ಪಕ್ಕದ ಮೇಜಿನ ಆರಿ ಯಹೂದಿ. ಅದರಲ್ಲೂ ಕೊಹೆನ್, ಅಂದರೆ ಪುರೋಹಿತರ ವಂಶ. ಅದು ತಂದೆಯಿಂದ ಮಗನಿಗೆ ಬರುವ ಪಟ್ಟ. ಕೊಹೆನ್ ಆದವನು ವಿಚ್ಛೇದಿತೆಯನ್ನು ಮದುವೆಯಾಗುವಂತಿಲ್ಲ. ಈ ಮಹಾರಾಯ ಮೆಚ್ಚಿದ್ದು ನಮ್ಮದೇ ಆಫೀಸಿನ ಲೇಯಾಳನ್ನು. ಅವಳಿಗೆ ಆಗಲೇ ಒಂದು ಮದುವೆಯಾಗಿ ವಿಚ್ಛೇದನವಾಗಿತ್ತು. ಓಕ್ಲ್ಯಾಂಡಿನಲ್ಲಿದ್ದ ಅವನ ತಂದೆ ಸುತರಾಂ ಒಪ್ಪಲಿಲ್ಲ.

ಆಗಲೇ ಪತ್ರಿಕೆಗಳಲ್ಲಿ ಸುದ್ದಿ ಬಂತು: ಕೊಹೆನ್ ಎಂದು ಹೇಳಿಕೊಳ್ಳುವ ಅನೇಕ ಗಂಡಸರಲ್ಲಿ, ತಂದೆಯಿಂದ ಮಗನಿಗಷ್ಟೇ ಇಳಿಯುವ ವೈ ಕ್ರೋಮೋಸೋಮಿನಲ್ಲಿ, ಒಂದೇ ಬಗೆಯ ಗುರುತು ಸಿಕ್ಕಿದೆಯಂತೆ. ಉಳಿದವರು ಹಿಗ್ಗಿದರು. ಆರಿ ಮಾತ್ರ ತನ್ನಲ್ಲಿ ಆ ಗುರುತು ಇಲ್ಲದಿರಲಿ ಎಂದು ಬೇಡಿಕೊಳ್ಳುತ್ತ, ಕೆನ್ನೆಯೊಳಗೆ ಹತ್ತಿ ಉಜ್ಜಿ ಲ್ಯಾಬಿಗೆ ಕಳಿಸಿದ.

ಆರಿ, ಲೇಯಾ ಇಬ್ಬರನ್ನೂ ಅಕ್ಕನ ಮನೆಗೆ ಊಟಕ್ಕೆ ಕರೆದೊಯ್ದೆ, ನನಗೆ ಬುದ್ಧಿ ಎಲ್ಲಿತ್ತೋ! ಹುಬ್ಬಳ್ಳಿಯ ನಮ್ಮ ಭಾವ ಹೋಳಿಗೆ ಬಡಿಸುತ್ತಲೇ ಶುರುಮಾಡಿದರು. "ಇದಕ್ಯಾಕ ಇಷ್ಟು ತಲಿ ಕೆಡಿಸ್ಕೋತಾರವಾ? ನನ್ನ ತಂಗಿ ಲಗ್ನದಾಗ ಎರಡೂ ಮನಿದು ಒಂದ ಗೋತ್ರ ಅಂತ ಅಡ್ಡಿ ಬಂತು. ಆಕಿನ್ನ ಸ್ವಾದರಮಾವಗ ದತ್ತು ಕೊಟ್ವಿ, ಗೋತ್ರ ಬದಲಾತು, ಲಗ್ನ ಆತು. ಇವನ್ನೂ ಯಾರಿಗರೆ ದತ್ತು ಕೊಡಂತ ಅವರಪ್ಪಗ ಹೇಳು."

ನಾನೂ ಅದನ್ನು ಸಾವಧಾನವಾಗಿ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.

"ದತ್ತು ಹೋದರೂ ಕೊಹೆನ್ ಕೊಹೆನ್ನೇ," ಎಂದ ಆರಿ.

"ಹಂಗಾರ ಕುಲ ರಕ್ತದಾಗನ ಅದ, ಟೆಸ್ಟ ಖರೆ!" ಎಂದರು ಭಾವ. ಕುಲ ರಕ್ತದ್ದೋ ಶಾಸ್ತ್ರದ್ದೋ ಎಂದು ಮೊಸರನ್ನದವರೆಗೂ ಇಬ್ಬರೂ ಕಿತ್ತಾಡಿದರು. ಮದುವೆಯಾಗಬೇಕಾದವಳು ಹೋಳಿಗೆ ಮುರಿಯುತ್ತ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಆರಿಯ ಗುರುತು ಹೊಂದಲಿಲ್ಲ. ರಿಪೋರ್ಟು ಹಿಡಿದು ಕುಣಿಯುತ್ತ ಓಕ್ಲ್ಯಾಂಡಿಗೆ ಓಡಿದ. ಮುದುಕರು ಅದನ್ನು ಮುಟ್ಟಲೂ ಇಲ್ಲವಂತೆ. "ನಾನು ಕೊಹೆನ್ ಅಂತ ಪ್ರಾರ್ಥನೆಯಲ್ಲಿ ಆಶೀರ್ವಾದಕ್ಕೆ ಕೈ ಎತ್ತುವುದು ನಮ್ಮಪ್ಪ ಕಲಿಸಿದ್ದರಿಂದ. ಈ ಕಾಗದ ನಿಜವಾದರೆ ನಮ್ಮ ಅಜ್ಜಿಯರಲ್ಲಿ ಯಾರು ನಡತೆಗೆಟ್ಟವಳು ಅಂತ ನೀನೇ ಹೇಳು," ಎಂದರಂತೆ. ಅವರ ಧರ್ಮಗುರುವೂ ಅಷ್ಟೇ: ಟೆಸ್ಟಿನಿಂದ ಯಾರೂ ಕೊಹೆನ್ ಆಗುವುದೂ ಇಲ್ಲ, ಇದ್ದ ಪಟ್ಟ ಅಳಿಯುವುದೂ ಇಲ್ಲ. ಹಾಗಾದರೆ ಇಷ್ಟೆಲ್ಲ ರಂಪ ಯಾಕೆ ಬೇಕಿತ್ತು, ನಮ್ಮ ಕರ್ಮ!

ಆರಿ ಜಗ್ಗಲಿಲ್ಲ. ಅಪ್ಪ ಬರದಿದ್ದರೆ ಬೇಡ, ಲ್ಯಾಬು ಒಪ್ಪಿದೆಯಲ್ಲ ಎಂದು ಮದುವೆಗೆ ನಿಂತ. ಆದರೆ ಲೇಯಾ ಒಲ್ಲೆ ಎಂದುಬಿಟ್ಟಳು. ಹುಡುಗಿ ಹಟಮಾರಿ ಎಂದರು ಭಾವ. ನಾನಂತೂ ಆ ಮುದುಕರನ್ನು ಮನಸಾರೆ ಬೈದೆ, ಇಷ್ಟು ವರ್ಷ ಬೈಯುತ್ತಲೇ ಬಂದೆ.

ಮೊನ್ನೆ ಅಕ್ಕನ ಮನೆಯಿಂದ ಬಂದವಳೇ ಲೇಯಾಳಿಗೆ ಫೋನು ಮಾಡಿ ಸಿಟ್ಟು ತೋಡಿಕೊಂಡೆ. "ಅವತ್ತು ಆ ಮುದುಕರು ಒಂದು ಮಾತು ಒಪ್ಪಿದ್ದರೆ..." ಎಂದೆ.

"ಅವರ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ," ಎಂದಳು. "ಒಲ್ಲೆ ಅನ್ನುವ ಮೊದಲು, ಗುರುತು ಹೊಂದಿದ್ದರೆ ನೀನು ಏನು ಮಾಡುತ್ತಿದ್ದೆ ಅಂತ ಆರಿಯನ್ನು ಕೇಳಿದೆ. ಅವನು ಬಾಯಿ ಬಿಡಲಿಲ್ಲ."