ಸ್ಟಿಕ್ಕರಕ್ಕನಿಗೆ ಬಂದ ಕಾಗದ

ಪ್ಯಾಕಿಂಗ್ ಕೋಣೆಯಲ್ಲಿ ಎಲ್ಲರೂ ಅವಳನ್ನು ಸ್ಟಿಕ್ಕರಕ್ಕ ಎಂದೇ ಕರೆಯುತ್ತಿದ್ದರು. ನನಗೆ ಅವಳು ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಭಾವ ಬೆನ್ನುನೋವಿನಿಂದ ಹಾಸಿಗೆ ಹಿಡಿದ ಮೇಲೆ ಅವರಿಬ್ಬರಿಗೂ ಅವಳ ಸಂಬಳವೇ ಗತಿ. ಗೋಡೆ ಗಡಿಯಾರದ ಪೆಟ್ಟಿಗೆಗಳಿಗೆ ಅವಳು ವಿಳಾಸದ ಲೇಬಲ್ ಅಂಟಿಸುತ್ತಿದ್ದಳು, ನಾನು ಪೆಟ್ಟಿಗೆ ಮಗುಚಿ ತಳಕ್ಕೆ ಟೇಪ್ ಹಾಕುತ್ತಿದ್ದೆ. ಮಹಡಿಯ ಮೇಲೆ ಮ್ಯಾನೇಜರ್ ಕಂಪ್ಯೂಟರಿನಲ್ಲಿ ಪ್ರಿಂಟ್ ಕೊಟ್ಟರೆ, ಕೆಳಗೆ ಅವಳ ಪಕ್ಕದ ಪುಟ್ಟ ಪ್ರಿಂಟರಿನಿಂದ ಲೇಬಲ್ ಹೊರಬರುತ್ತಿತ್ತು.

ಸೇರಿದ ಹೊಸದರಲ್ಲಿ ಅವಳು ಒಂದೊಂದನ್ನೂ ಓದುತ್ತಿದ್ದಳು. "ನೋಡೇ, ಈ ಮನೆಯವ್ರಿಗೆ ಇದು ಮೂರನೇ ಗಡಿಯಾರ. ಪಾಪ, ಅವ್ರ ಟೈಮೇ ಸರಿ ಇಲ್ಲ!"

ಮ್ಯಾನೇಜರ್ ಅದನ್ನು ಕೇಳಿಸಿಕೊಂಡ. "ಅಮ್ಮಾ, ಓದೋಕಲ್ಲ ನಿಮಗೆ ಸಂಬಳ ಕೊಡೋದು. ಬಂದಿದ್ದನ್ನ ಅಂಟಿಸಿ. ಕೈ ಓಡಲಿ ಸಾಕು, ಕಣ್ಣಿಗೇನೂ ಕೆಲಸ ಇಲ್ಲ."

ಅವಳು ಅದನ್ನು ವೇದವಾಕ್ಯ ಮಾಡಿಕೊಂಡಳು. ವರ್ಷಗಳು ಉರುಳಿದ ಮೇಲೆ ಅತ್ತೆಯ ಕಾಟದ ಕಥೆ ಹೇಳುತ್ತಾ, ನನ್ನ ಮುಖ ನೋಡುತ್ತಲೇ, ಒಂದಿಷ್ಟೂ ಸೊಟ್ಟಗಾಗದಂತೆ ಅಂಟಿಸುತ್ತಿದ್ದಳು.

ಆ ದಿನ ಬೆಳಗಿನಿಂದ ವಿಳಾಸಗಳನ್ನೇ ಕಳಿಸುತ್ತಿದ್ದ ಮ್ಯಾನೇಜರ್ ನಡುವೆ ಒಂದು ಕಾಗದ ಟೈಪ್ ಮಾಡಿದ. ಯಾವ ಪ್ರಿಂಟರಿಗೆ ಹೋಗುತ್ತಿದೆ ಎಂದು ನೋಡದೆ ಪ್ರಿಂಟ್ ಒತ್ತಿ ಊಟಕ್ಕೆ ಎದ್ದ. ಪುಟದಷ್ಟು ಉದ್ದದ ಕಾಗದ ಲೇಬಲ್ ಅಳತೆಗೆ ತುಂಡು ತುಂಡಾಗಿ, ವಿಳಾಸಗಳ ಬೆನ್ನಿಗೇ ಕೆಳಗೆ ಬಂತು. ಸ್ಟಿಕ್ಕರಕ್ಕ ಕಿತ್ತಳು, ಅಂಟಿಸಿದಳು. ನಾನು ಮಗುಚಿ ಟೇಪ್ ಹಾಕಿದೆ. ಮೊದಲ ವ್ಯಾನು ತುಂಬಿಕೊಂಡು ಹೊರಟೂ ಹೋಯಿತು.

ಎರಡನೇ ವ್ಯಾನಿನ ಡ್ರೈವರ್ ಒಂದು ಪೆಟ್ಟಿಗೆ ಹಿಡಿದುಕೊಂಡು ಒಳಗೆ ಬಂದ. "ಅಕ್ಕಾ, 'ವಿಷಾದದಿಂದ ತಿಳಿಸುವುದೇನೆಂದರೆ' ಅಂತಿದೆ. ಇದ್ಯಾವ ಬೀದಿ?"

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಊಟ ಮುಗಿಸಿ ಬಂದ ಮ್ಯಾನೇಜರ್ ಮಾತ್ರ ನಗಲಿಲ್ಲ. "ಕೀಳಿ ಎಲ್ಲಾನೂ!" ಎಂದು ಕಿರುಚಿದ.

ಕೀಳುವಾಗ ಅವಳು ಎಷ್ಟೋ ವರ್ಷಗಳ ಮೇಲೆ ಓದಿದಳು. 'ಕೆಲಸ ಕಡಿಮೆಯಾದ್ದರಿಂದ.' 'ತಿಂಗಳ ಕೊನೆಗೆ ನಿಮ್ಮನ್ನು ಬಿಡುಗಡೆ.' 'ಇಷ್ಟು ವರ್ಷದ ನಿಮ್ಮ ನಿಷ್ಠೆಯ ದುಡಿಮೆಗೆ ಸಂಸ್ಥೆ ಋಣಿ.'

"ಇದು ಯಾರಿಗೆ ಸಾರ್?"

ಅವನು ಗೋಡೆ ನೋಡಿದ. ಅವಳಿಗೆ ಅರ್ಥವಾಯಿತು. ಕೊನೆಯ ತುಂಡನ್ನು ಮಾತ್ರ ಕಸಕ್ಕೆ ಹಾಕದೆ ತನ್ನ ಊಟದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಂಡಳು.

ಮರುದಿನ ಕಾಗದ ಇಡಿಯಾಗಿ ಕೈಗೆ ಬಂತು. ಅದರಲ್ಲಿ ನಿಷ್ಠೆಯೂ ಇರಲಿಲ್ಲ, ಋಣವೂ ಇರಲಿಲ್ಲ. ಲೇಬಲ್ ಅಂಟಿಸುವಾಗ ಅಜಾಗರೂಕತೆ ತೋರಿದ್ದಕ್ಕೆ ಇವತ್ತೇ ವಜಾ ಎಂದಿತ್ತು.

"ಸಾರ್, ಕೆಲ್ಸ ಹೋದ್ರೆ ಹೋಗ್ಲಿ, ಮೊದಲಿನ ಕಾಗದಾನೇ ಕೊಡಿ. ಈ ವಯಸ್ಸಲ್ಲಿ ಒಂದು ಒಳ್ಳೇ ಮಾತಿಲ್ದೆ ಬೇರೆ ಕಡೆ ಯಾರು ಸೇರಿಸ್ಕೋತಾರೆ?"

"ಕಣ್ಣಿಲ್ವೇನಮ್ಮ ನಿಮಗೆ? ಓದಿ ಅಂಟಿಸೋಕೆ ಏನು ಕಷ್ಟ?"

"ಓದ್ಬೇಡಿ ಅಂದಿದ್ದು ನೀವೇ ಅಲ್ವಾ ಸಾರ್?"

"ಎದುರು ಮಾತು ಬೇರೆ," ಎಂದು ಅವನು ಮೆಟ್ಟಿಲು ಹತ್ತಿದ. ತಪ್ಪು ಅವನದು, ತಲೆದಂಡ ಇವಳದು. ಆ ಮುಖ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಆದರೂ ನಾನು ಅಲ್ಲೇ ಟೇಪ್ ಹಾಕುತ್ತಿದ್ದೇನೆ, ಹೊಟ್ಟೆ ಕೇಳಬೇಕಲ್ಲ.

ರಜೆಯ ದಿನ ಅವಳ ಜೊತೆ ಎದುರು ಬೀದಿಯ ಸೋಪಿನ ಕಾರ್ಖಾನೆಗೆ ನಾನೂ ಹೋದೆ. ಹಿಂದಿನ ಕೆಲಸದ ಕಾಗದ ಎಲ್ಲಿ ಎಂದು ಗುಮಾಸ್ತ ಕೇಳಿದ. ವಜಾದ ಕಾಗದ ತೋರಿಸುವಂತಿರಲಿಲ್ಲ. ಅವಳು ಚೀಲದಿಂದ ಡಬ್ಬಿ ತೆಗೆದು, ಸೆರಗಿನಿಂದ ಮುಚ್ಚಳ ಒರೆಸಿ ಅವನ ಮುಂದಿಟ್ಟಳು. ಅವನು ನಗಲಿಲ್ಲ. ಎರಡು ಸಲ ಓದಿ, ಮುಚ್ಚಳ ತಿರುಗಿಸಿ ನೋಡಿದ.

"ಮಾತೇನೋ ಚೆನ್ನಾಗಿದೆ. ಆದ್ರೆ ಇದ್ರಲ್ಲಿ ನಿಮ್ಮ ಹೆಸರೇ ಇಲ್ವಲ್ಲಮ್ಮ?"

ಹೆಸರು ಇದ್ದದ್ದು ಮೊದಲ ತುಂಡಿನಲ್ಲಿ. ಅದನ್ನು ಅವಳೇ ತನ್ನ ಕೈಯಾರೆ, ಒಂದಿಷ್ಟೂ ಸೊಟ್ಟಗಾಗದಂತೆ ಅಂಟಿಸಿ, ಮೊದಲ ವ್ಯಾನಿನಲ್ಲಿ ಕಳಿಸಿಬಿಟ್ಟಿದ್ದಳು.